ಮೆಟಾಲಿಕಾದ 'ಲೋಡ್': ಕತ್ತಿ ಬಿದ್ದದ್ದು ಯಾವ ಕೊಂಬೆಗೆ?

ಮರಗಸಿ (ಪಾಲಿಬೆಟ್ಟ)

ಕಣದಲ್ಲಿ ಕಾಫಿ ಕಾಯುತ್ತಾ ಕೂತು ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ರೋಬಸ್ಟಾ ಚೆರಿ, ಅಂದರೆ ಕಾಫಿ ಹಣ್ಣು, ಒಣಗಲು ಹರಡಿ ಆರು ದಿನ ಆಯಿತು. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿದ ಮೇಲೆ ಕೆಲಸ ಏನೂ ಇಲ್ಲ. ಹಾಗಂತ ಬಿಟ್ಟು ಹೋಗಿ ಮಲಗುವ ಹಾಗೂ ಇಲ್ಲ, ಈಗಿನ ರೇಟಿಗೆ ಎರಡು ಚೀಲ ಹೋದರೂ ಹೊಟ್ಟೆ ಉರಿಯುತ್ತದೆ. ಒಂದು ಫ್ಲಾಸ್ಕ್, ಒಂದು ಸಣ್ಣ ಸ್ಪೀಕರ್, ಮೂರು ರಾತ್ರಿಯಿಂದ ಒಂದೇ ಆಲ್ಬಮ್. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಲೋಡ್'.

ಹೌದು, ಅದೇ. 1996ರ ಜೂನ್‌ನಲ್ಲಿ ಬಂದದ್ದು. ಹಳೆಯ ವೇಗ ಬಿಟ್ಟು ನಿಧಾನದ ಹಾಡಿಗೆ ಇಳಿದ, ನಾಲ್ವರೂ ಕೂದಲು ಕತ್ತರಿಸಿಕೊಂಡು ಫೋಟೊಗೆ ನಿಂತ ಆಲ್ಬಮ್. ಬ್ಯಾಂಡಿನ ಹೆಸರಿನ ಎರಡೂ ತುದಿಯಲ್ಲಿದ್ದ ಆ ಚೂಪು ಕೊಂಬುಗಳನ್ನೂ ಕಿತ್ತು ಹಾಕಿದ್ದರು. ನಮ್ಮ ಹಾಸ್ಟೆಲಿನಲ್ಲಿ ಅವತ್ತು ಸೂತಕದ ಮನೆ ಥರ ಇತ್ತು. ಒಬ್ಬ ತನ್ನ ಕಪ್ಪು ಟೀ ಶರ್ಟನ್ನು ಬೈಕ್ ಒರೆಸಲು ಹಾಕಿದ.

ನನ್ನ ಕಥೆ ಸ್ವಲ್ಪ ಬೇರೆ. ನನ್ನ ಹತ್ತಿರ ಕೊಂಡ ಕ್ಯಾಸೆಟ್ ಇರಲಿಲ್ಲ, ಅಷ್ಟು ದುಡ್ಡೂ ಇರಲಿಲ್ಲ. ಮೈಸೂರಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ಖಾಲಿ ಕ್ಯಾಸೆಟ್‌ಗೆ ಇಳಿಸಿ ಕೊಟ್ಟ. ಅವನು ಇಳಿಸಿದ್ದು 60 ನಿಮಿಷದ ಕ್ಯಾಸೆಟ್‌ಗೆ. ಆಲ್ಬಮ್ ಇರುವುದು 78 ನಿಮಿಷ 59 ಸೆಕೆಂಡ್! ಒಂದು ಬದಿಗೆ ಅರ್ಧ ಗಂಟೆ. ಮೊದಲ ಬದಿಯಲ್ಲಿ ಐದು ಹಾಡು ಪೂರ್ತಿ ಬಂದು 'ಹೀರೋ ಆಫ್ ದ ಡೇ' ಬಿಸಿ ಏರುವ ಹೊತ್ತಿಗೆ ಟಕ್ ಅಂತ ನಿಲ್ಲುತ್ತಿತ್ತು. ಎರಡನೇ ಬದಿ 'ಬ್ಲೀಡಿಂಗ್ ಮಿ'ಯಿಂದ ಶುರು, 'ಥಾರ್ನ್ ವಿದಿನ್' ಅರ್ಧದಲ್ಲಿ ಮತ್ತೆ ಟಕ್. ಆ ಹಾಡು ಹಾಗೇ ಮುಗಿಯೋದು, ಏನೋ ಹೊಸ ಶೈಲಿ ಅಂತ ವರ್ಷಗಟ್ಟಲೆ ನಂಬಿದ್ದೆ. ನಗಬೇಡಿ.

ಮಳೆಗಾಲದಲ್ಲಿ ಆ ಕ್ಯಾಸೆಟ್‌ಗೆ ಬೂಷ್ಟು ಹಿಡಿಯುತ್ತಿತ್ತು. ನಮ್ಮ ಕಡೆಯವರಿಗೆ ಗೊತ್ತು. ಜುಲೈ ಬಂತು ಅಂದರೆ ಬೆಲ್ಟು, ಬೂಟು, ಫೋಟೊ, ಕ್ಯಾಸೆಟ್, ಎಲ್ಲದಕ್ಕೂ ಬಿಳಿ ಪುಡಿ. ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಾಳುಮೆಣಸಿನ ಡಬ್ಬಿ ಪಕ್ಕ ಇಡುತ್ತಿದ್ದರು. ಹಾಡುಗಾರ ಹೆಟ್‌ಫೀಲ್ಡ್ ದನಿಗೆ ಹೊಗೆ ವಾಸನೆ ಇತ್ತು ಅಂದರೆ ನನ್ನ ಮಟ್ಟಿಗೆ ಅದು ನಿಜವಾಗಿ ಇತ್ತು.

ಹೀಗಾಗಿ ಕೊನೆಯ ಹಾಡು 'ದಿ ಔಟ್‌ಲಾ ಟಾರ್ನ್' ಅಂತ ಒಂದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮೊದಲು ಕೇಳಿದ್ದು 1999ರ ಸಿಂಫನಿ ಆಲ್ಬಮ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಆರ್ಕೆಸ್ಟ್ರಾ ಜೊತೆ ನುಡಿಸಿದ್ದು. ಕೇಳಿ ಬೆಚ್ಚಿಬಿದ್ದೆ. ಇಷ್ಟು ಒಳ್ಳೆ ಹಾಡು ಯಾವ ಆಲ್ಬಮ್‌ನದು ಅಂತ ಹುಡುಕಿದರೆ, ನನ್ನ ಅಟ್ಟದಲ್ಲೇ ಇದ್ದ ಆಲ್ಬಮ್‌ನದ್ದು!

ಈಗ ಮೂರು ರಾತ್ರಿ ಕೇಳಿದ ಮೇಲೆ ನನ್ನ ಲೆಕ್ಕ ಇಷ್ಟೇ. ಶೈಲಿ ಬದಲಾದದ್ದು ತಪ್ಪಲ್ಲ. ಕಸಿ ಮಾಡದೆ, ಅಂದರೆ ಬೇಡದ ಕೊಂಬೆ ಕತ್ತರಿಸದೆ ಬಿಟ್ಟದ್ದು ತಪ್ಪು. ಕಂಬಚಿಗುರು (ಕಾಂಡದಿಂದ ನೆಟ್ಟಗೆ ಏಳುವ ಬೇಡದ ಚಿಗುರು) ತೆಗೆಯದ ಕಾಫಿ ಗಿಡ ನೋಡಿದ್ದೀರಲ್ಲ? ಹಸಿರೇನೋ ಭರ್ತಿ ಇರುತ್ತದೆ. ಹಣ್ಣು ಹುಡುಕಬೇಕು. 'ಲೋಡ್' ಹಾಗೆ, ಉದ್ದ ಜಾಸ್ತಿ. ಬಯ್ಯುವವರು ಬಯ್ಯಿರಿ.

ಮಂಜುಮುಸುಕು (ಮಡಿಕೇರಿ)

ಬಯ್ಯಲಿಕ್ಕೇ ಬಂದೆ ಅಣ್ಣ.

ಕಸಿ ಗಿಸಿ ಏನೂ ಬೇಡ, ಆ ಗಿಡವನ್ನೇ ಕಿತ್ತು ಹಾಕಬೇಕಿತ್ತು. 'ಮಾಸ್ಟರ್ ಆಫ್ ಪಪೆಟ್ಸ್' ಮಾಡಿದವರು ಇವರೇನಾ? ಅದರಲ್ಲಿ ಎಂಟೇ ಹಾಡು, 55 ನಿಮಿಷ, ಒಂದು ಉಸಿರು ಹೆಚ್ಚಿಲ್ಲ ಕಡಿಮೆ ಇಲ್ಲ. ಹತ್ತು ವರ್ಷ ಬಿಟ್ಟು ಅದೇ ಜನ ಹಳ್ಳಿ ಹೋಟೆಲಿನಲ್ಲಿ ಕೂತು ಬಿಯರ್ ಕುಡಿಯುವವರ ಹಾಗೆ ಗಿಟಾರ್ ಕೆರೆಯುತ್ತಾರೆ. 'ಮಾಮಾ ಸೆಡ್' ಅಂತ ಒಂದು ಹಾಡಿದೆಯಲ್ಲ, ಅದು ಕಂಟ್ರಿ ಹಾಡು, ಅಮೆರಿಕದ ಹಳ್ಳಿ ಧಾಟಿ. ಥ್ರ್ಯಾಶ್ (ಬಿರುಸಿನ ಮೆಟಲ್) ಬ್ಯಾಂಡಿಗೆ ಕಂಟ್ರಿ ಯಾಕೆ ಬೇಕು ಮಾರಾಯರೆ? ಬದಲಾಗಲಿ, ಯಾರು ಬೇಡ ಅಂದರು? ಹೆಸರು ಬದಲಾಯಿಸಿಕೊಂಡು ಬದಲಾಗಲಿ.

ಹಾಸ್ಟೆಲಿನ ಆ ಟೀ ಶರ್ಟ್ ಹುಡುಗನಿಗೆ ನನ್ನ ಸಲಾಂ ಹೇಳಿ.

ಬೇಸ್‌ಮಾವ (ವಿರಾಜಪೇಟೆ)

ಮರಗಸಿ ಸರಿಯಾಗಿ ಹೇಳಿದ್ದಾನೆ, ಆದರೆ ಅರ್ಧ. ಮಂಜು ಪೂರ್ತಿ ತಪ್ಪು, ಆದರೆ ಮಂಜು ತಪ್ಪು ಹೇಳದಿದ್ದರೆ ಇಲ್ಲಿ ಮಾತೇ ಬೆಳೆಯುವುದಿಲ್ಲ, ಅದಕ್ಕೆ ಥ್ಯಾಂಕ್ಸ್.

ನಾನು ಇಪ್ಪತ್ತೆರಡು ವರ್ಷದಿಂದ ಮದುವೆ ರಿಸೆಪ್ಷನ್‌ಗಳಲ್ಲಿ ಬೇಸ್ ನುಡಿಸುತ್ತಿದ್ದೇನೆ. ನುಡಿಸುವವನ ಕಿವಿಯಿಂದ ಎರಡು ಮಾತು. ಬೇಜಾರಾದರೆ ದಾಟಿಕೊಂಡು ಹೋಗಿ.

ಹಳೆಯ ಆಲ್ಬಮ್‌ಗಳಲ್ಲಿ ರಿದಮ್ ಗಿಟಾರ್ ಎಲ್ಲ ನುಡಿಸಿದ್ದು ಹೆಟ್‌ಫೀಲ್ಡ್ ಒಬ್ಬನೇ. ಒಂದು ಸಲ ನುಡಿಸಿ, ಅದರ ಮೇಲೆ ಅದನ್ನೇ ಮತ್ತೆ ನುಡಿಸಿ, ಮತ್ತೆ ಅದರ ಮೇಲೆ. ಒಂದೇ ಕೈ ಆದ್ದರಿಂದ ಪದರ ಪದರ ಸೇರಿ ಗೋಡೆ ಆಗುತ್ತದೆ. ಸಿಮೆಂಟು ಬಳಿದ ಹಾಗೆ, ಒಂದು ಸೂಜಿ ತೂರಿಸಲು ಜಾಗ ಇರುವುದಿಲ್ಲ. 'ಲೋಡ್'ನಲ್ಲಿ ಮೊದಲ ಸಲ ಇನ್ನೊಬ್ಬ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಕೂಡ ರಿದಮ್ ನುಡಿಸಿದ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಇಬ್ಬರ ಕೈ ಬೇರೆ ಬೇರೆ. ಒಬ್ಬ ಒಂದು ಕೂದಲೆಳೆ ಮುಂದೆ, ಇನ್ನೊಬ್ಬ ಹಿಂದೆ. ಆ ಸಂದಿಯಿಂದ ಗಾಳಿ ಆಡುತ್ತದೆ. ಇದು ಸೋಮಾರಿತನದಿಂದ ಬಂದದ್ದಲ್ಲ, ಬೇಕೆಂದೇ ಮಾಡಿದ್ದು.

ಇನ್ನೊಂದು. ತಂತಿಗಳನ್ನು ಅರ್ಧ ಸ್ವರ ಕೆಳಗೆ ಇಳಿಸಿದ್ದಾರೆ. ಕೇಳುವವರಿಗೆ ಇದೇನು ಮಹಾ ಅನ್ನಿಸಬಹುದು. ನುಡಿಸುವವನಿಗೆ ಬೆರಳ ಕೆಳಗೆ ತಂತಿ ಸಡಿಲ ಆಗುತ್ತದೆ, ಎಳೆದರೆ ಬಗ್ಗುತ್ತದೆ, ಬ್ಲೂಸ್ ತಾನಾಗಿ ಬಂದು ಕೂರುತ್ತದೆ. ಹಾಡುವವನಿಗೂ ಆರಾಮ. ಹೆಟ್‌ಫೀಲ್ಡ್‌ಗೆ ಇದರ ಹಿಂದಿನ ಬ್ಲ್ಯಾಕ್ ಆಲ್ಬಮ್ ಮಾಡುವಾಗ ಗಂಟಲು ಕೈಕೊಟ್ಟಿತ್ತು, ಆಮೇಲೆ ಪಾಠ ಹೇಳಿಸಿಕೊಂಡು ಹಾಡುವುದು ಕಲಿತ. ಅದಕ್ಕೂ ಮೊದಲು ಅವನು ಕೂಗುತ್ತಿದ್ದ, ಇಲ್ಲಿ ಹಾಡುತ್ತಾನೆ.

ಮದುವೆ ಮನೆಯಲ್ಲಿ ವಾಲಗ ಶುರುವಾದಾಗ ಡೋಲಿನವರ ಕೈ ನೋಡಿದ್ದೀರಾ? ಓಡುವುದಿಲ್ಲ. ಕೂರುತ್ತದೆ. ಆದರೂ ಎಂಬತ್ತು ವರ್ಷದ ಅಜ್ಜನ ಕಾಲು ನಿಲ್ಲುವುದಿಲ್ಲ, ಎದ್ದೇ ಬರುತ್ತಾನೆ. ವೇಗ ಬೇರೆ, ತೂಕ ಬೇರೆ. ನಾನು 'ಲೋಡ್' ಅಮೆರಿಕದ ವಾಲಗ ಅನ್ನುತ್ತಿಲ್ಲ, ಹಾಗೆ ಹೇಳಿದರೆ ಊರಿನಲ್ಲಿ ಹೊಡೆತ ಬೀಳುತ್ತದೆ. ಆದರೆ ಲಾರ್ಸ್ ಉಲ್ರಿಕ್ ಆ ಡಬಲ್ ಬೇಸ್ ಡ್ರಮ್ಮಿನ ಗದ್ದಲ ಕಡಿಮೆ ಮಾಡಿ ಹಿಂದೆ ಸರಿದು ಕೂತದ್ದು ಆ ಕಾರಣಕ್ಕೇ.

ಇನ್ನು ಬೇಸ್. 1988ರ 'ಜಸ್ಟೀಸ್' ಆಲ್ಬಮ್‌ನಲ್ಲಿ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಕೇಳಿಸುವುದೇ ಇಲ್ಲ. ಮಿಕ್ಸಿಂಗ್‌ನಲ್ಲಿ ಅವನನ್ನು ಹೂತು ಹಾಕಿದರು. 'ಲೋಡ್'ನಲ್ಲಿ ಆ ಮನುಷ್ಯನಿಗೆ ಒಂದು ಕೋಣೆ ಸಿಕ್ಕಿತು. 'ಔಟ್‌ಲಾ ಟಾರ್ನ್' ಚರಣಗಳಲ್ಲಿ ಗಿಟಾರ್ ದೂರ ನಿಂತಿರುತ್ತದೆ, ನಡೆಸುವುದು ಬೇಸು, ಡ್ರಮ್ಮು. ಬೇಸ್ ನುಡಿಸುವವನು ಇಷ್ಟಕ್ಕೇ ಅಳುತ್ತಾನೆ, ಕ್ಷಮಿಸಿ.

ಮಂಜುಮುಸುಕು

ಮಾವ, ನಿಮ್ಮ ಕೈ ಬಗ್ಗೆ ನನಗೆ ಗೌರವ ಇದೆ. ಗೋಣಿಕೊಪ್ಪದ ಒಂದು ಮದುವೆಯಲ್ಲಿ ನೀವು ನುಡಿಸಿದ್ದಕ್ಕೆ ನಾನು ಕುಣಿದಿದ್ದೇನೆ ಕೂಡ. ಆದರೆ ಕಾರಣಗಳ ಪಟ್ಟಿ ಕೊಟ್ಟರೆ ಹಾಡು ಚೆನ್ನಾಗಿ ಆಗುತ್ತದಾ? ಅವರು ಬೇಕೆಂದೇ ಮಾಡಿದರು ಅಂತೀರಿ. ಬೇಕೆಂದೇ ಮಾಡಿದ್ದೇ ನನ್ನ ಸಿಟ್ಟು! ತಿಳಿಯದೆ ಮಾಡಿದ್ದರೆ ಕ್ಷಮಿಸುತ್ತಿದ್ದೆ.

ಕವರ್ ನೋಡಿ. ಕೆಂಪು ಬೆಂಕಿ ಥರ ಕಾಣುವ ಆ ಚಿತ್ರ ಆಂಡ್ರೆಸ್ ಸೆರಾನೊ ಅನ್ನುವ ಕಲಾವಿದನದ್ದು. ದನದ ರಕ್ತ ಮತ್ತು ಅವನ ವೀರ್ಯವನ್ನು ಎರಡು ಪಾರದರ್ಶಕ ಹಾಳೆ ಮಧ್ಯ ಒತ್ತಿ ತೆಗೆದ ಫೋಟೊ. ನಾನು ಅದನ್ನು ಓದುವ ಮೇಜಿನ ಮೇಲೆ ಒರಗಿಸಿ ಇಟ್ಟಿದ್ದೆ, ಅಪ್ಪ ಬಂದು 'ಸೂರ್ಯಾಸ್ತವಾ? ಚೆನ್ನಾಗಿದೆ' ಅಂದರು. ಅವರಿಗೆ ಇವತ್ತಿಗೂ ಹೇಳಿಲ್ಲ. ಮುಂದೆ ಹೆಟ್‌ಫೀಲ್ಡೇ ಆ ಕಾಲದ ವೇಷ, ಕವರ್ ಯಾವುದೂ ತನಗೆ ಹಿಡಿಸಿರಲಿಲ್ಲ ಅಂತ ಹೇಳಿಕೊಂಡ. ಹಾಡಿದವನಿಗೇ ಹಿಡಿಸದ್ದನ್ನು ನಾವು ಯಾಕೆ ತಲೆ ಮೇಲೆ ಹೊತ್ತುಕೊಳ್ಳಬೇಕು?

2011ರ ಅಕ್ಟೋಬರ್ 30, ಬೆಂಗಳೂರು ಅರಮನೆ ಮೈದಾನ. ಎರಡು ದಿನ ಮುಂಚೆ ಗುರುಗ್ರಾಮದ ಶೋ ರದ್ದಾಗಿತ್ತು, ಇಲ್ಲೂ ಆಗುತ್ತದೋ ಏನೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ಮಡಿಕೇರಿಯಿಂದ ಕೆಂಪು ಬಸ್ಸಿನಲ್ಲಿ ಹೋದವನು ನಾನು. ಮೊಣಕಾಲುದ್ದ ಅಲ್ಲದಿದ್ದರೂ ಶೂ ಮುಳುಗುವಷ್ಟು ಕೆಸರು. 'ಎಂಟರ್ ಸ್ಯಾಂಡ್‌ಮನ್' ಶುರುವಾದಾಗ ನನ್ನ ಎಡ ಶೂ ಹೋಯಿತು, ಸಿಗಲೇ ಇಲ್ಲ. ವಾಪಸ್ ಬರುವಾಗ ಕಂಡಕ್ಟರ್ ಕಾಲು ನೋಡಿ 'ಇನ್ನೊಂದೆಲ್ಲಿ?' ಅಂದರು. ಮೆಟಾಲಿಕಾ ತಗೊಂಡರು ಅಂದೆ. ಆ ಬ್ಯಾಂಡಿಗೆ ಒಂದು ಶೂ ಕೊಟ್ಟಿದ್ದೇನೆ ಸ್ವಾಮಿ. ಬಯ್ಯುವ ಹಕ್ಕು ನನಗೆ ಉಂಟು.

ಏಲಕ್ಕಿಕಾಡು (ಸೋಮವಾರಪೇಟೆ)

ಮಕ್ಕಳಾ, ನಿಮ್ಮ ಜಗಳ ಓದಿ ಖುಷಿ ಆಯಿತು. ನನಗೆ ಎಪ್ಪತ್ತು ದಾಟಿದೆ, ಫೌಜಿನಲ್ಲಿದ್ದವನು. ಮೆಟಾಲಿಕಾ ನನ್ನ ಮಗನ ಗಲಾಟೆ. ನನ್ನದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್.

ನೀವು ಹೇಳುವ ಈ ಹೊಡೆತ ನಾವು ಎರಡು ಸಲ ತಿಂದಿದ್ದೇವೆ. 1969ರ ಸೆಪ್ಟೆಂಬರ್‌ನಲ್ಲಿ ಪರ್ಪಲ್‌ನವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ಆರ್ಕೆಸ್ಟ್ರಾ ಜೊತೆ ಕೂತು ಕಚೇರಿ ಕೊಟ್ಟರು. ಕೀಬೋರ್ಡಿನ ಜಾನ್ ಲಾರ್ಡ್ ಬರೆದದ್ದು. ಎಲ್ಲರೂ ಇನ್ನು ಇವರ ದಾರಿ ಇದೇ ಅಂದುಕೊಂಡರು. ಮರುವರ್ಷ 1970ರಲ್ಲಿ 'ಇನ್ ರಾಕ್' ತಂದು ಕಿವಿ ಹರಿದರು. ಹಾಗೆ ಬದಲಾದದ್ದನ್ನು ಯಾರೂ ಬಯ್ಯಲಿಲ್ಲ ನೋಡಿ, ಯಾಕಂದರೆ ಗದ್ದಲ ಜಾಸ್ತಿ ಆಯಿತು. ಗದ್ದಲ ಜಾಸ್ತಿ ಮಾಡಿದರೆ ಬೆಳೆದರು ಅನ್ನುತ್ತೀರಿ. ಕಡಿಮೆ ಮಾಡಿದರೆ ಮಾರಿಕೊಂಡರು ಅನ್ನುತ್ತೀರಿ.

ಇನ್ನೊಂದು ಸಲ 1974ರಲ್ಲಿ. 'ಸ್ಟಾರ್ಮ್‌ಬ್ರಿಂಗರ್'. ಹೊಸ ಹಾಡುಗಾರ ಕವರ್‌ಡೇಲ್, ಬೇಸ್‌ಗೆ ಗ್ಲೆನ್ ಹ್ಯೂಸ್, ಇಬ್ಬರೂ ಸೇರಿ ಫಂಕ್, ಸೋಲ್ ಥರದ ಸಂಗೀತದ ಕಡೆ ಎಳೆದರು. ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್‌ಗೆ ಅದು ಕಂಡರಾಗುತ್ತಿರಲಿಲ್ಲ. 1975ರಲ್ಲಿ ಎದ್ದು ಹೋಗಿ ರೇನ್‌ಬೋ ಅನ್ನುವ ಬ್ಯಾಂಡ್ ಕಟ್ಟಿದ. ನಾನು ಆಗ ರಜೆಯಲ್ಲಿ ಊರಿಗೆ ಬಂದಿದ್ದೆ. ಒಬ್ಬ ಗೆಳೆಯ ವಿದೇಶದಿಂದ ತಂದ ಎಲ್‌ಪಿ, ಅಣ್ಣನ ಗ್ರಾಮಫೋನು. ಮೊದಲ ಸಲ ಕೇಳಿ ಮೂಗು ಮುರಿದೆ. ಈಗ? ಅದರ ಕೊನೆಯ ಹಾಡು 'ಸೋಲ್ಜರ್ ಆಫ್ ಫಾರ್ಚೂನ್' ಬಿಟ್ಟು ನನಗೆ ಬೇರೆ ಪರ್ಪಲ್ ಹಾಡು ಕೇಳಬೇಕು ಅಂತಲೇ ಅನ್ನಿಸುವುದಿಲ್ಲ. ಮಂಡಿ ನೋವಿನವನಿಗೆ 'ಹೈವೇ ಸ್ಟಾರ್' ಏನು ಪ್ರಯೋಜನ.

ಅಂದ ಹಾಗೆ ನಿಮ್ಮ ಹೆಟ್‌ಫೀಲ್ಡ್‌ಗೆ 1996ರಲ್ಲಿ ಎಷ್ಟು ವಯಸ್ಸು? ಮಗನನ್ನು ಕೇಳಿದೆ, 33 ಆಗುವುದರಲ್ಲಿತ್ತಂತೆ. ಅಷ್ಟು ಚಿಕ್ಕ ವಯಸ್ಸಿನವನು ಬದಲಾಗಬಾರದಾ? ನನ್ನ ಬೂಟಿಗೂ ಅದಕ್ಕಿಂತ ಜಾಸ್ತಿ ವಯಸ್ಸಾಗಿದೆ.

ಹೊಸಬ_ಹಾರಂಗಿ

ಪಾಲಿಬೆಟ್ಟ ಕಡೆ ಚೆರಿ ಚೀಲಕ್ಕೆ ಎಷ್ಟು ನಡೆಯುತ್ತಿದೆ ಸರ್? ಹಾಡಿನ ವಿಷಯ ನನಗೆ ಗೊತ್ತಿಲ್ಲ.

ಮರಗಸಿ

ಖಾಸಗಿಯಾಗಿ ಕೇಳಿ ಮಾರಾಯ, ಇಲ್ಲಿ ಹೇಳಿದರೆ ನಾಳೆ ಕಣಕ್ಕೆ ಕಳ್ಳರಲ್ಲ, ನೆಂಟರು ಬರುತ್ತಾರೆ.

ಬಲದಂಡೆ (ಕುಶಾಲನಗರ)

ನಮಸ್ಕಾರ ಎಲ್ಲರಿಗೂ. ನನಗೆ 24. ನಿಮ್ಮ ಜಗಳ ನನಗೆ ಅರ್ಥ ಆಗುವುದಿಲ್ಲ, ಯಾಕಂದರೆ ನಾನು ಮೊದಲು ಕೇಳಿದ ಮೆಟಾಲಿಕಾ ಆಲ್ಬಮ್ಮೇ 'ಲೋಡ್'.

ಕಾಲೇಜಿಗೆ ಕುಶಾಲನಗರದಿಂದ ಮಡಿಕೇರಿಗೆ ದಿನಾ ಬಸ್. ಫೋನಿನಲ್ಲಿ ಯಾವುದೋ ಹಾಡು ಮುಗಿದ ಮೇಲೆ ತಾನಾಗಿ 'ಬ್ಲೀಡಿಂಗ್ ಮಿ' ಬಂತು. ಯಾರು, ಯಾವ ವರ್ಷ, ಕೂದಲು ಉದ್ದವೋ ಗಿಡ್ಡವೋ ಒಂದೂ ಗೊತ್ತಿಲ್ಲ. ಸುಂಟಿಕೊಪ್ಪದಲ್ಲಿ ಶುರುವಾದ ಹಾಡು ಘಟ್ಟ ಹತ್ತಿದರೂ ಮುಗಿದಿರಲಿಲ್ಲ, ಎಂಟು ನಿಮಿಷ! ಮಧ್ಯದಲ್ಲಿ ಗಿಟಾರ್ ಜೋರಾಗುವ ಜಾಗಕ್ಕೆ ಸರಿಯಾಗಿ ತಿರುವಿನಲ್ಲಿ ಮಂಜು ಸರಿದು ಬಿಸಿಲು ಬಿತ್ತು. ಸಿನಿಮಾ ಥರ ಹೇಳುತ್ತಿದ್ದೇನೆ ಅಂತ ಗೊತ್ತು, ಆದರೆ ಬಿದ್ದದ್ದು ನಿಜ.

ಆಮೇಲೆ ಹಿಂದಕ್ಕೆ ಹೋಗಿ 'ಮಾಸ್ಟರ್ ಆಫ್ ಪಪೆಟ್ಸ್' ಕೇಳಿದೆ. ಚೆನ್ನಾಗಿದೆ, ಆದರೆ ಸುಸ್ತಾಗುತ್ತದೆ. ಮಂಜು ಅಣ್ಣ, ಹೊಡೆಯಬೇಡಿ.

ನನಗೆ ಅನ್ನಿಸುವುದು ಇಷ್ಟು. ನೀವೆಲ್ಲ 'ಲೋಡ್' ಕೇಳುವಾಗ ಅದರ ಹಿಂದಿನ ಐದು ಆಲ್ಬಮ್‌ಗಳನ್ನೂ ಜೊತೆಗೆ ಕೇಳುತ್ತೀರಿ. ನನಗೆ ಆ ತೊಂದರೆ ಇಲ್ಲ. ಆದರೆ ಮರಗಸಿ ಅಂಕಲ್ ಹೇಳಿದ ಉದ್ದದ ಮಾತು ಮಾತ್ರ ನೂರಕ್ಕೆ ನೂರು ನಿಜ. ನಾನು ಒಂದು ಸಲವೂ ಇದನ್ನು ಮೊದಲಿನಿಂದ ಕೊನೆವರೆಗೆ ಒಂದೇ ಕೂರಿಗೆ ಕೇಳಿಲ್ಲ. 'ಪೂರ್ ಟ್ವಿಸ್ಟೆಡ್ ಮಿ' ಬಂದಾಗ ಬೆರಳು ತಾನಾಗಿ ಮುಂದಕ್ಕೆ ಒತ್ತುತ್ತದೆ.

ಇನ್ನೊಂದು ಪ್ರಶ್ನೆ. 'ಅಂಟಿಲ್ ಇಟ್ ಸ್ಲೀಪ್ಸ್' ಹಾಡು ಹೆಟ್‌ಫೀಲ್ಡ್ ಅವರ ಅಮ್ಮನ ಬಗ್ಗೆಯಾ? ಯಾರೋ ಹೇಳಿದರು.

ಬೇಸ್‌ಮಾವ

ಕ್ಯಾನ್ಸರ್ ಬಗ್ಗೆ ಮಗಳೇ. ಹೆಟ್‌ಫೀಲ್ಡ್‌ನ ಅಮ್ಮ ಕ್ಯಾನ್ಸರ್‌ನಲ್ಲಿ ತೀರಿಕೊಂಡಾಗ ಅವನಿಗೆ 16. ಮನೆಯವರು ಕ್ರಿಶ್ಚಿಯನ್ ಸೈನ್ಸ್ ಅನ್ನುವ ಪಂಥದವರು, ಔಷಧಿ ಮಾಡಿಸುವುದಿಲ್ಲ, ಪ್ರಾರ್ಥನೆಯಿಂದಲೇ ವಾಸಿ ಆಗಬೇಕು. 'ಲೋಡ್' ಬಂದ ವರ್ಷವೇ ಅಪ್ಪನೂ ಹೋದ. ಮಂಜು ಬಯ್ಯುವ 'ಮಾಮಾ ಸೆಡ್' ಕೂಡ ಅದೇ ಅಮ್ಮನಿಗೆ ಬರೆದದ್ದು. ಅಷ್ಟು ವರ್ಷ ಯುದ್ಧ, ಸಾವು, ನ್ಯಾಯಾಲಯ ಅಂತ ಊರಿನ ವಿಷಯವೆಲ್ಲ ಹಾಡಿದವನು ಇಲ್ಲಿ ಮನೆ ವಿಷಯ ಹಾಡಿದ. ಅದನ್ನು ಆ ಹಳೆಯ ವೇಗದಲ್ಲಿ ಹಾಡಲಿಕ್ಕೆ ಆಗುತ್ತದಾ? ನೀವೇ ಹೇಳಿ.

ಮಂಜುಮುಸುಕು

'ಮಾಮಾ ಸೆಡ್' ವಿಷಯ ನನಗೆ ಗೊತ್ತಿರಲಿಲ್ಲ. ಅಂದರೆ ಎಲ್ಲೋ ಓದಿದ್ದೆ, ತಲೆಗೆ ಹೋಗಿರಲಿಲ್ಲ. ಅದೊಂದು ಬಿಟ್ಟುಬಿಡುತ್ತೇನೆ. ಉಳಿದದ್ದಕ್ಕೆ ಬೈಗುಳ ಮುಂದುವರಿಯುತ್ತದೆ.

ಮರಗಸಿ

ರಾತ್ರಿ ಹನ್ನೊಂದೂವರೆ. ನಾಯಿ ಬೊಗಳಿತು ಅಂತ ಟಾರ್ಚ್ ಹಿಡಿದು ಒಂದು ಸುತ್ತು ಬಂದೆ, ಕಾಡುಹಂದಿ. ಸರಿ, ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೊದಲ ಪೋಸ್ಟಿನಲ್ಲಿ ಹೇಳಬೇಕಿತ್ತು, ಕ್ಯಾಸೆಟ್ ಕಥೆಯಲ್ಲಿ ಕಳೆದುಹೋದೆ.

78:59 ಅಂತ ಹೇಳಿದೆನಲ್ಲ, ಆ ಅಂಕಿ ಸುಮ್ನೆ ಬಂದದ್ದಲ್ಲ. ಒಂದು ಸಿ.ಡಿ.ಯಲ್ಲಿ ಹಿಡಿಸುವುದೇ ಸುಮಾರು ಅಷ್ಟು. ಅದಕ್ಕಿಂತ ಜಾಸ್ತಿ ತುಂಬಿದರೆ ಕೆಲವು ಪ್ಲೇಯರ್‌ಗಳಲ್ಲಿ ಹಾಡು ಹಾರುತ್ತದೆ ಅಂತ ರೆಕಾರ್ಡ್ ಕಂಪನಿ ಹೇಳಿತು. ಇವರ ಹತ್ತಿರ ಇದ್ದದ್ದು ಅದಕ್ಕಿಂತ ಒಂದು ನಿಮಿಷ ಜಾಸ್ತಿ. ಏನು ಮಾಡಿದರು? 14 ಹಾಡಿನಲ್ಲಿ ಒಂದು ಸಪ್ಪೆ ಹಾಡನ್ನು ಕೈಬಿಡಬಹುದಿತ್ತು. ಬಿಡಲಿಲ್ಲ. ಕೊನೆಯ ಹಾಡಿನ ಬಾಲ ಕತ್ತರಿಸಿದರು. 'ಔಟ್‌ಲಾ ಟಾರ್ನ್' ನಿಜವಾಗಿ 10 ನಿಮಿಷ 48 ಸೆಕೆಂಡ್. ಆಲ್ಬಮ್‌ನಲ್ಲಿ ಇರುವುದು 9:52. ಇಡೀ ಆಲ್ಬಮ್‌ನ ಅತ್ಯುತ್ತಮ ಹಾಡು, ಅದರ ಅತ್ಯುತ್ತಮ ನಿಮಿಷ, ಅದೇ ಹೋಯಿತು.

ಇದನ್ನು ಅವರೇ ಒಪ್ಪಿಕೊಂಡರು. 1997ರಲ್ಲಿ 'ದಿ ಮೆಮೊರಿ ರಿಮೇನ್ಸ್' ಸಿಂಗಲ್ ಬಂದಾಗ ಅದರ ಬೆನ್ನಿಗೆ ಪೂರ್ತಿ ಹಾಡು ಹಾಕಿ, ತಯಾರಿಕೆಯ ಕಟ್ಟುಪಾಡು ಇಲ್ಲದ ಆವೃತ್ತಿ ಅಂತ ಉದ್ದನೆ ಹೆಸರು ಕೊಟ್ಟರು.

ಮರಗಸಿ ಮಾಡಲು, ಅಂದರೆ ನೆರಳು ಮರದ ಕೊಂಬೆ ಕಡಿಯಲು ಬಂದವನು ನೆರಳಿನ ಸಿಲ್ವರ್ ಮರದ ಒಣ ಕೊಂಬೆ ಬಿಟ್ಟು, ಕಾಯಿ ತುಂಬಿದ ಕಾಳುಮೆಣಸಿನ ಬಳ್ಳಿಗೆ ಕತ್ತಿ ಹಾಕಿದ ಹಾಗೆ. ನಮ್ಮ ತೋಟದಲ್ಲಿ ಒಂದು ವರ್ಷ ನಿಜವಾಗಿ ಹಾಗೇ ಆಗಿತ್ತು. ಅಪ್ಪ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ಕಡಿದವನು ನಾನೇ.

ಯಾಕೆ ಹೀಗಾಯಿತು? ನನ್ನ ಊಹೆ ಬೇಡ, ಕಣ್ಣಿಗೆ ಕಾಣುವುದನ್ನು ಹೇಳುತ್ತೇನೆ. 1991ರ ಬ್ಲ್ಯಾಕ್ ಆಲ್ಬಮ್ ಅಮೆರಿಕ ಒಂದರಲ್ಲೇ ಹತ್ತಾರು ಲಕ್ಷ ಮಾರಿತ್ತು. ನಾಲ್ಕು ವರ್ಷ ಬಿಟ್ಟು ಸ್ಟುಡಿಯೊಗೆ ಬಂದಾಗ ಕೈಯಲ್ಲಿ ಸುಮಾರು 30 ಹಾಡುಗಳಿದ್ದವು. ಬೇಡ ಅನ್ನುವವರು ಯಾರು? ಮೊದಲು ಎರಡು ಸಿ.ಡಿ. ಮಾಡುವ ಯೋಚನೆ ಇತ್ತು, ಆಮೇಲೆ ಅರ್ಧ ಈಗ, ಅರ್ಧ ಆಮೇಲೆ ಅಂದರು. ಆ ಉಳಿದರ್ಧವೇ 1997ರ 'ರಿಲೋಡ್'. ಎರಡೂ ಸೇರಿಸಿ ಜರಡಿ ಹಿಡಿದಿದ್ದರೆ ಒಂದೇ ಆಲ್ಬಮ್, ಒಂದು ಗಂಟೆ, ಇವತ್ತು ಮಂಜು ಕೂಡ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ.

ಈಗ ನನ್ನ ಕಸಿ. 'ಲೋಡ್' ಒಂದರಿಂದ ನಾಲ್ಕು ಹಾಡು ತೆಗೆಯುತ್ತೇನೆ: 'ಟೂ ಬೈ ಫೋರ್', 'ಕ್ಯೂರ್', 'ಪೂರ್ ಟ್ವಿಸ್ಟೆಡ್ ಮಿ', 'ರಾನಿ'. ಅಲ್ಲಿಗೆ ಸುಮಾರು 20 ನಿಮಿಷ ಹೋಯಿತು. 'ಔಟ್‌ಲಾ'ದ ಬಾಲ ವಾಪಸ್ ಅಂಟಿಸುತ್ತೇನೆ. ಹತ್ತು ಹಾಡು, ಹೆಚ್ಚು ಕಡಿಮೆ ಒಂದು ಗಂಟೆ. ನನ್ನ 60 ನಿಮಿಷದ ಕ್ಯಾಸೆಟ್‌ಗೆ ಹಿಡಿಸುತ್ತದೆ!

ಬೇಸ್‌ಮಾವ

'ಟೂ ಬೈ ಫೋರ್' ಮುಟ್ಟಿದರೆ ಕೈ ಮುರಿಯುತ್ತೇನೆ. ಅದು ಹೋಟೆಲಿನ ಮೂಲೆಯಲ್ಲಿ ಕೂತವನ ಹಾಡು, ನಿಧಾನಕ್ಕೆ ತೂಗುತ್ತದೆ. ಅದರ ಬದಲು 'ಥಾರ್ನ್ ವಿದಿನ್' ತೆಗೆ. ನೀನು ಅದನ್ನು ಅರ್ಧವೇ ಕೇಳಿ ಬೆಳೆದವನು, ಅದಕ್ಕೇ ನಿನಗೆ ಪ್ರೀತಿ.

'ಕ್ಯೂರ್', 'ರಾನಿ' ಹೋಗಲಿ. ಅಳುವವರಿಲ್ಲ.

ಬಲದಂಡೆ

ಬೇಸ್‌ಮಾವನ ಪಟ್ಟಿಗೆ ನನ್ನ ವೋಟು. ಮರಗಸಿ ಅಂಕಲ್ ಸಾರಿ.

ಏಲಕ್ಕಿಕಾಡು

ಚುನಾವಣೆ ಶುರುವಾಯಿತು. ನಾನು ಮಲಗುತ್ತೇನೆ.

ಮಂಜುಮುಸುಕು

ಒಂದು ಮಾತು ಕೇಳುತ್ತೇನೆ ಅಣ್ಣ, ಸಿಟ್ಟಿನಿಂದಲ್ಲ. ಉದ್ದವೇ ತೊಂದರೆ ಅಂತೀರಿ. 'ಜಸ್ಟೀಸ್' 65 ನಿಮಿಷ ಇತ್ತು, ಅದರಲ್ಲಿ ಒಂಬತ್ತೇ ಹಾಡು, ಒಂದೊಂದೂ ರೈಲು. ಅದನ್ನು ಯಾರೂ ಉದ್ದ ಅನ್ನಲಿಲ್ಲ. 2003ರ 'ಸೇಂಟ್ ಆಂಗರ್' 75 ನಿಮಿಷ, ಒಂದು ಗಿಟಾರ್ ಸೋಲೊ ಇಲ್ಲ, ಡ್ರಮ್ ಅಂತೂ ಅಡುಗೆಮನೆ ಪಾತ್ರೆ ಬಿದ್ದ ಹಾಗೆ, ಅದನ್ನು ಬರೀ ಉದ್ದ ಅಂತ ಬಯ್ಯಲಿಲ್ಲ, ಬೇರೆ ಕಾರಣಕ್ಕೆ ಬೈದೆವು. ಬೆಂಗಳೂರಿಗೆ ಬಂದು ಹೋದ ಮರುದಿನವೇ ಹಾಡುಗಾರ ಲೂ ರೀಡ್ ಜೊತೆ ಮಾಡಿದ ಆಲ್ಬಮ್ 'ಲೂಲು' ಯೂರೋಪಿನಲ್ಲಿ ಬಿಡುಗಡೆ ಆಯಿತು. ನನ್ನ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ! ಇವರು ಪ್ರತಿ ಐದು ವರ್ಷಕ್ಕೆ ಒಂದು ಸಲ ನಮ್ಮನ್ನು ಹೀಗೆ ಮಾಡುತ್ತಾರೆ. ಉದ್ದದ ವಿಷಯ ಅಲ್ಲ ಅಣ್ಣ. ಅವರಿಗೆ ನಮ್ಮ ಹಂಗಿಲ್ಲ.

ಮರಗಸಿ

ಹಂಗಿಲ್ಲ, ನಿಜ. ಅದನ್ನೇ ನಾನು ಹೊಗಳುವುದು, ನೀನು ಬಯ್ಯುವುದು. ಆದರೆ 'ಜಸ್ಟೀಸ್' ಮಾತು ತೆಗೆದೆಯಲ್ಲ, ಅದು ಉದ್ದ ಇದ್ದರೂ ಅಲ್ಲಿ ಹಾಡಿನ ಒಳಗೇ ನಡಿಗೆ ಬದಲಾಗುತ್ತಿತ್ತು, ಐದು ತಿರುವು, ಆರು ತಿರುವು. ವೇಗದ ಹಾಡು ಉದ್ದ ಇದ್ದರೆ ನಡೆಯುತ್ತದೆ. ನಿಧಾನದ ಹಾಡಿಗೆ ಅಳತೆ ಬೇಕು, ಸ್ವಲ್ಪ ಜಾಸ್ತಿ ಆದರೂ ಆಕಳಿಕೆ. ಇವರು ನಡಿಗೆ ಬದಲಾಯಿಸಿದರು, ಅಳತೆಕೋಲು ಹಳೆಯದೇ ಇಟ್ಟುಕೊಂಡರು. ನಾನು ಹೇಳುವುದು ಅಷ್ಟೇ.

ಬಲದಂಡೆ

ಈಗಷ್ಟೇ ಆ 10:48ರ ಹಾಡು ಹುಡುಕಿ ಕೇಳಿದೆ. ಮನೆಯಲ್ಲಿ ಎಲ್ಲ ಮಲಗಿದ್ದಾರೆ, ಹೆಡ್‌ಫೋನ್.

ಆಲ್ಬಮ್‌ನದರಲ್ಲಿ ಕೊನೆಗೆ ಗಿಟಾರ್ ಇನ್ನೂ ನುಡಿಸುತ್ತಿರುವಾಗಲೇ ಯಾರೋ ಬಾಗಿಲು ಹಾಕಿಕೊಂಡು ಹೋದ ಹಾಗೆ ಶಬ್ದ ಸಣ್ಣ ಆಗುತ್ತದೆ. ಇದರಲ್ಲಿ ಬಾಗಿಲು ಹಾಕುವುದಿಲ್ಲ. ಅವರು ನುಡಿಸುತ್ತಾ ಹೋಗುತ್ತಾರೆ, ನಾವು ಒಳಗೇ ಇರುತ್ತೇವೆ. ಒಂದು ನಿಮಿಷಕ್ಕೆ ಇಷ್ಟು ಗಲಾಟೆಯಾ ಅಂದುಕೊಂಡಿದ್ದೆ. ಎರಡು ಸಲ ಕೇಳಿದೆ. ಮಂಜು ಅಣ್ಣ, ಇದೊಂದು ಕೇಳಿ, ಆಮೇಲೆ ಬಯ್ಯಿರಿ.

ಮಂಜುಮುಸುಕು

ಕೇಳಿದೆ.

ಏನೂ ಹೇಳುವುದಿಲ್ಲ.

ಬೇಸ್‌ಮಾವ

ಹಾ ಹಾ. ಮಡಿಕೇರಿಯವರು ಮಾತು ನಿಲ್ಲಿಸಿದರು, ದಿನಾಂಕ ಬರೆದಿಟ್ಟುಕೊಳ್ಳಿ.

ಮರಗಸಿ, ಆ ಹಳೆಯ ಕ್ಯಾಸೆಟ್ ಇನ್ನೂ ಇದೆಯಾ? ನನ್ನ ಹತ್ತಿರ ಡೆಕ್ ಇದೆ, ಬೆಲ್ಟ್ ಹೊಸದು ಹಾಕಿಸಿದ್ದೇನೆ. ಹೂಮಳೆಗೆ ಮುಂಚೆ ಒಂದು ಭಾನುವಾರ ಬರುತ್ತೇನೆ, ನಿನ್ನ ಪಟ್ಟಿಯಂತೆಯೇ ಇಳಿಸಿಕೊಡುತ್ತೇನೆ. 'ಟೂ ಬೈ ಫೋರ್' ಸೇರಿಸಿ.

ಮರಗಸಿ

ಇದೆ ಮಾವ, ಅಟ್ಟದಲ್ಲೇ. ಸ್ಪಾಂಜ್ ಪುಡಿಯಾಗಿದೆ, ಟೇಪ್ ಸರಿ ಇದೆ. ಪೆನ್ಸಿಲ್ ಹಾಕಿ ತಿರುಗಿಸಿ ನೋಡಿದೆ, ಸುತ್ತುತ್ತದೆ. ಆದರೆ ಅದರ ಮೇಲೆ ಇಳಿಸಬೇಡ, ಬೇರೆ ತಗೊಂಡು ಬಾ. 'ಹೀರೋ ಆಫ್ ದ ಡೇ' ಟಕ್ ಅಂತ ನಿಲ್ಲುವುದು ನನಗೆ ಹಾಗೇ ಬೇಕು.

ಮಂಜೂ ಬರಲಿ. ಬರುವಾಗ ಎರಡೂ ಶೂ ಹಾಕಿಕೊಂಡು ಬರಲು ಹೇಳು. ಬೆಳಗಿನ ಜಾವ ಇಬ್ಬನಿ ಜಾಸ್ತಿ ಇದೆ, ಟಾರ್ಪಾಲ್ ತೆಗೆಯುವುದು ಎಂಟರ ಮೇಲೆ. ಒಂದು ಗಂಟೆ ಕಣ್ಣು ಮುಚ್ಚುತ್ತೇನೆ.